ಕಡಿಮೆ ಖರ್ಚಿನಲ್ಲಿ ಕಾರಿಗೆ ರಿಮೋಟ್ ಸ್ಟಾರ್ಟರ್ ಮತ್ತು ಅಲಾರಂ: ಎಲ್ಲಿ ಉಳಿಸಬೇಕು, ಎಲ್ಲಿ ಕೂಡದು

ಅಲಾರಂ ಮತ್ತು ರಿಮೋಟ್ ಸ್ಟಾರ್ಟ್ ಎರಡೂ ಒಂದೇ ಮಾಡ್ಯೂಲ್‌ನಲ್ಲಿರುವ ಕಿಟ್ ಕೊಂಡರೆ ಹಣವೂ ಉಳಿಯುತ್ತದೆ, ವೈರಿಂಗೂ ಕಡಿಮೆಯಾಗುತ್ತದೆ. ಬೇರೆ ಬೇರೆ ಕೊಂಡು ಹಾಕಿದಾಗ ರಿಮೋಟ್‌ನಿಂದ ಎಂಜಿನ್ ಶುರುವಾದ ಕಂಪನಕ್ಕೇ ಅಲಾರಂ ಬಡಿದುಕೊಳ್ಳುವುದುಂಟು. ಒಂದೇ ಕಿಟ್ ಆದರೆ ಆ ಹೊತ್ತಿಗೆ ಶಾಕ್ ಸೆನ್ಸರನ್ನು ಅದೇ ಸುಮ್ಮನಿರಿಸುತ್ತದೆ. ಕಾರಿನಿಂದ ಮರುಸಂದೇಶ ಪಡೆದು ಪರದೆಯಲ್ಲಿ ತೋರುವ ಟೂ-ವೇ ರಿಮೋಟ್, ಮೊಬೈಲ್ ಆ್ಯಪ್ ಇವೆಲ್ಲ ಬೆಲೆ ಏರಿಸುವ ಬಾಬತ್ತು, ಧಾರಾಳವಾಗಿ ಕೈಬಿಡಿ. ಆದರೆ ಬ್ರೇಕ್ ಒತ್ತಿದರೆ ಎಂಜಿನ್ ನಿಲ್ಲಿಸುವ ಬ್ರೇಕ್ ವೈರ್, ಬಾನೆಟ್ ಎತ್ತಿದರೆ ನಿಲ್ಲಿಸುವ ಬಾನೆಟ್ ಸ್ವಿಚ್, ಎಂಜಿನ್ ವೇಗ ಓದುವ ಟ್ಯಾಕ್ ವೈರ್, ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಎಂಜಿನ್ ಓಡದಂತೆ ತಡೆಯುವ ವ್ಯವಸ್ಥೆ) ದಾಟಿಸುವ ಬೈಪಾಸ್ ಈ ನಾಲ್ಕರಲ್ಲಿ ಜಿಪುಣತನ ಮಾಡಿದರೆ ಕೆಲಸ ಕೆಟ್ಟಂತೆಯೇ.

ಕೊಳ್ಳುವ ಮೊದಲೇ ಗೇರಿನ ವಿಷಯ ತೀರ್ಮಾನವಾಗಲಿ. ಆಟೋಮ್ಯಾಟಿಕ್ ಕಾರುಗಳಲ್ಲಿ ಸಾಮಾನ್ಯವಾಗಿ ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಇಲ್ಲದಿದ್ದರೆ ಸ್ಟಾರ್ಟರ್ ಸರ್ಕ್ಯೂಟೇ ಕೂಡುವುದಿಲ್ಲ. ಮ್ಯಾನ್ಯುವಲ್‌ನಲ್ಲಿ ಆ ಕಾವಲಿಲ್ಲ. ಮೊದಲ ಗೇರ್‌ನಲ್ಲಿ ನಿಲ್ಲಿಸಿದ ಕಾರಿಗೆ ಕ್ಲಚ್ ಒತ್ತದೆ ಸ್ಟಾರ್ಟ್ ಆಗದಂತೆ ತಡೆಯುವ ಕ್ಲಚ್ ಸ್ವಿಚ್ಚನ್ನೂ ಬೈಪಾಸ್ ಮಾಡಿ ರಿಮೋಟ್ ಒತ್ತಿದರೆ ಕಾರು ಮುಂದಕ್ಕೆ ಹಾರುತ್ತದೆ, ಮುಂದೆ ಯಾರಿದ್ದಾರೆಂದು ಅದಕ್ಕೆ ಗೊತ್ತಿಲ್ಲ. ಮ್ಯಾನ್ಯುವಲ್‌ಗೆಂದೇ ಮಾಡಿದ ಕಿಟ್‌ಗಳಲ್ಲಿ ರಿಸರ್ವೇಶನ್ ಮೋಡ್ ಇರುತ್ತದೆ: ಎಂಜಿನ್ ಓಡುತ್ತಿರುವಾಗಲೇ ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್‌ಗೆ ತಂದು, ಕೀ ತೆಗೆದು ಇಳಿದು ಬಾಗಿಲು ಹಾಕಿದ ಮೇಲಷ್ಟೇ ಎಂಜಿನ್ ನಿಲ್ಲುತ್ತದೆ. ಆಮೇಲೆ ಯಾವುದೇ ಬಾಗಿಲು ತೆರೆದರೂ ರಿಮೋಟ್ ಸ್ಟಾರ್ಟ್ ರದ್ದು. ಈ ಮೋಡ್ ಇಲ್ಲದ ಅಗ್ಗದ ಕಿಟ್ಟನ್ನು ಮ್ಯಾನ್ಯುವಲ್ ಕಾರಿಗೆ ಹಾಕಲೇಬೇಡಿ, ಬರೀ ಅಲಾರಂ ಸಾಕು.

ಎರಡನೆಯದು ಇಮ್ಮೊಬಿಲೈಸರ್. ಕೀಲಿಯೊಳಗೆ ಕಾರಿಗೆ ತನ್ನ ಗುರುತು ಹೇಳುವ ಟ್ರಾನ್ಸ್‌ಪಾಂಡರ್ ಚಿಪ್ ಇದ್ದರೆ ವೈರ್ ಎಷ್ಟೇ ಸರಿಯಾಗಿ ಜೋಡಿಸಿದರೂ ಎಂಜಿನ್ ಶುರುವಾಗುವುದಿಲ್ಲ, ಅಥವಾ ಶುರುವಾಗಿ ಒಂದೆರಡು ಸೆಕೆಂಡಿನಲ್ಲಿ ಸಾಯುತ್ತದೆ. ಹೆಚ್ಚುವರಿ ಕೀಯನ್ನು ಡ್ಯಾಶ್‌ಬೋರ್ಡ್ ಒಳಗಿನ ಬಾಕ್ಸಿನಲ್ಲಿಟ್ಟು, ಸ್ಟಾರ್ಟ್ ಆಗುವಾಗ ಮಾತ್ರ ಆ ಬಾಕ್ಸಿನ ಕಾಯಿಲ್ ಸಂಪರ್ಕಗೊಂಡು ಕೀಯ ಗುರುತು ಕಾರಿಗೆ ಮುಟ್ಟುವಂತೆ ಮಾಡುವುದು ಅಗ್ಗದ ದಾರಿ. ಆದರೆ ಕಳ್ಳನಿಗೆ ಕೀಯನ್ನೇ ಕಾರಿನಲ್ಲಿ ಬಿಟ್ಟಂತಾಯಿತು. ಅಲಾರಂ ಹಾಕಿಸುವ ಉದ್ದೇಶಕ್ಕೇ ಅದು ವಿರುದ್ಧ. ನಿಮ್ಮ ಮಾದರಿ ಮತ್ತು ವರ್ಷಕ್ಕೆ ಹೊಂದುವ ಡೇಟಾ ಬೈಪಾಸ್ ಮಾಡ್ಯೂಲ್‌ಗೆ ಹಣ ಹಾಕಿ. ಬಾಗಿಲ ಲಾಕ್, ಟ್ಯಾಕ್, ಬ್ರೇಕ್ ಇವನ್ನೂ ಕ್ಯಾನ್ ಬಸ್‌ನಿಂದಲೇ (ಕಾರಿನ ಮಾಡ್ಯೂಲ್‌ಗಳು ಪರಸ್ಪರ ಮಾತಾಡುವ ಡೇಟಾ ವೈರ್) ಓದುವ ಮಾಡ್ಯೂಲ್‌ಗಳಿವೆ, ಅವು ಹಲವು ವೈರ್‌ಗಳ ಹುಡುಕಾಟವನ್ನೇ ತಪ್ಪಿಸುತ್ತವೆ. ಕಾರಿಗೆ ಹೊಂದುವ ಟಿ-ಹಾರ್ನೆಸ್ (ಕಾರಿನ ಕನೆಕ್ಟರ್‌ಗಳ ನಡುವೆ ಸಿಕ್ಕಿಸುವ ಸಿದ್ಧ ವೈರ್ ಗೊಂಚಲು) ಸಿಕ್ಕರಂತೂ ಇಗ್ನಿಷನ್ ವೈರ್ ಕತ್ತರಿಸುವ ಪ್ರಮೇಯವೇ ಇಲ್ಲ. ಪುಶ್ ಬಟನ್ ಕಾರಾದರೆ ಮಾಡ್ಯೂಲ್ ಇಲ್ಲದೆ ಮುಂದಕ್ಕೆ ಹೋಗಬೇಡಿ.

ಬೇಕಾದ ಸಲಕರಣೆ: ಡಿಜಿಟಲ್ ಮಲ್ಟಿಮೀಟರ್, ಬೆಸುಗೆ ಕಬ್ಬಿಣ ಅಥವಾ ಒಳ್ಳೆಯ ಕ್ರಿಂಪರ್, ಹೀಟ್‌ಶ್ರಿಂಕ್ ಕೊಳವೆ, ಬಟ್ಟೆಯ ಟೇಪ್, ಕೇಬಲ್ ಟೈ, ಎರಡು ಐದು-ಪಿನ್ ರಿಲೇ (ಕರೆಂಟ್‌ನಿಂದ ನಡೆಯುವ ಸ್ವಿಚ್), ನಾಲ್ಕೈದು 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ). ಬಲ್ಬ್ ಇರುವ ಟೆಸ್ಟ್ ಲ್ಯಾಂಪ್ ಬೇಡ. ಅದು ಎಳೆಯುವ ಕರೆಂಟ್ ಡೇಟಾ ವೈರ್‌ಗಳನ್ನು ಕೆಡಿಸಬಲ್ಲದು, ಏರ್‌ಬ್ಯಾಗ್ ಸರ್ಕ್ಯೂಟಿಗೆ ತಗುಲಿದರೆ ಅಪಾಯ. ಹಳದಿ ಕನೆಕ್ಟರ್ ಕಂಡರೆ ಕೈ ದೂರವಿಡಿ.

ಈಗ ನಿಜವಾದ ಕೆಲಸ. ಚಾಲಕನ ಗಾಜು ಇಳಿಸಿಡಿ, ಪರೀಕ್ಷೆಯ ನಡುವೆ ಬಾಗಿಲು ತಾನೇ ಲಾಕ್ ಆಗುವುದುಂಟು. ಸ್ಟೀರಿಂಗ್ ಕೆಳಗಿನ ಮುಚ್ಚಳ ಬಿಚ್ಚಿ ಇಗ್ನಿಷನ್ ಸ್ವಿಚ್ಚಿನ ಹಿಂದಿನ ದಪ್ಪ ವೈರ್‌ಗಳನ್ನು ಗುರುತಿಸಿ. ಮೀಟರಿನ ಕಪ್ಪು ತುದಿ ಕಾರಿನ ಲೋಹದ ಮೈಗೆ, ಕೆಂಪು ತುದಿ ಕನೆಕ್ಟರಿನ ಹಿಂಬದಿಯಿಂದ ಒಂದೊಂದೇ ವೈರ್‌ಗೆ. ಕೀ ಯಾವ ಸ್ಥಾನದಲ್ಲಿದ್ದರೂ 12 ವೋಲ್ಟ್ ಬಿಡದೆ ತೋರಿದರೆ ಅದು ಬ್ಯಾಟರಿಯ ನೇರ ವೈರ್. ಆನ್ ಸ್ಥಾನದಲ್ಲೂ ಸ್ಟಾರ್ಟ್ ಕೊಡುವಾಗಲೂ 12 ಇದ್ದರೆ ಇಗ್ನಿಷನ್. ಆನ್‌ನಲ್ಲಿ ಇದ್ದು ಸ್ಟಾರ್ಟ್ ಕೊಡುವಾಗ ಸೊನ್ನೆಗೆ ಬಿದ್ದರೆ ಆಕ್ಸೆಸರಿ. ಸ್ಟಾರ್ಟ್ ಕೊಡುವಾಗ ಮಾತ್ರ ಬಂದರೆ ಸ್ಟಾರ್ಟರ್. ಹಲವು ಕಾರುಗಳಲ್ಲಿ ಇಗ್ನಿಷನ್ ಎರಡು, ಆಕ್ಸೆಸರಿ ಎರಡು ಇರುತ್ತವೆ. ಒಂದು ಬಿಟ್ಟರೂ ಎಂಜಿನ್ ಓಡಬಹುದು, ಆದರೆ ಎಸಿ ಬ್ಲೋವರ್ ತಿರುಗುವುದಿಲ್ಲ ಅಥವಾ ಎಚ್ಚರಿಕೆ ದೀಪ ಹತ್ತುತ್ತದೆ. ಬಣ್ಣ ನಂಬಬೇಡಿ, ಮೀಟರ್ ನಂಬಿ.

ಗುರುತಿಸಿ ಆದ ಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಕೆಲವು ನಿಮಿಷ ಕಾದು ಜೋಡಣೆಗೆ ಕೂರಿ. ಇಗ್ನಿಷನ್ ವೈರ್‌ನ ಮೇಲುಹೊದಿಕೆಯನ್ನು ಸುಮಾರು ಎರಡು ಸೆಂಟಿಮೀಟರ್ ಸುಲಿದು, ಎಳೆಗಳ ನಡುವೆ ಸಂದು ಮಾಡಿ ಕಿಟ್‌ನ ವೈರ್ ತೂರಿಸಿ, ಎರಡೂ ಕಡೆ ಸುತ್ತಿ ಬೆಸುಗೆ ಹಾಕಿ. ವೈರ್ ಕತ್ತರಿಸದೆ ಮಾಡುವ ಈ ಜೋಡಣೆಗೆ ಹೀಟ್‌ಶ್ರಿಂಕ್ ಏರಿಸಲಾಗದು, ಟೇಪ್ ಬಿಗಿಯಾಗಿ ಸುತ್ತಿ ಟೈ ಹಾಕಿ. ಕಚ್ಚಿ ಹಿಡಿಯುವ ಟ್ಯಾಪ್ ಕನೆಕ್ಟರ್‌ಗಳು ಈ ದಪ್ಪ ವೈರ್‌ಗಳಿಗೆ ಸಲ್ಲ. ಒಳಗಿನ ಬ್ಲೇಡ್ ಕೆಲವೇ ಎಳೆಗಳನ್ನು ಮುಟ್ಟುತ್ತದೆ, ಕರೆಂಟ್ ಹೆಚ್ಚಾದಾಗ ಕಾದು ಕರಗುತ್ತದೆ. ಮುಖ್ಯ ಫ್ಯೂಸ್ (ಸಾಮಾನ್ಯವಾಗಿ 25 ಅಥವಾ 30 ಆಂಪಿಯರ್) ಜೋಡಣೆಗೆ ಆದಷ್ಟು ಹತ್ತಿರ ಇರಲಿ. ಗ್ರೌಂಡ್‌ಗೆ ಬಣ್ಣ ಕೆರೆದ ಬರಿಯ ಲೋಹ, ಬಿಗಿಯಾದ ಬೋಲ್ಟ್. ವಿಚಿತ್ರ ತೊಂದರೆಗಳ ಬೆನ್ನು ಹತ್ತಿದರೆ ಬಹುಪಾಲು ಇಲ್ಲಿಗೇ ಬಂದು ನಿಲ್ಲುತ್ತೀರಿ.

ಟ್ಯಾಕ್ ಸಿಗ್ನಲನ್ನು ಪೋರ್ಟ್ ಇಂಜೆಕ್ಷನ್ (ಸಿಲಿಂಡರಿಗೆ ನೇರವಾಗಿ ಅಲ್ಲದೆ ಗಾಳಿ ಒಳಹೋಗುವ ದಾರಿಯಲ್ಲಿ ಇಂಧನ ಚಿಮುಕಿಸುವ) ಪೆಟ್ರೋಲ್ ಎಂಜಿನ್‌ನಲ್ಲಿ ಇಂಜೆಕ್ಟರ್‌ನಿಂದ ಪಡೆಯಬಹುದು. ಎಲ್ಲ ಇಂಜೆಕ್ಟರ್‌ಗಳಲ್ಲೂ ಒಂದೇ ಬಣ್ಣವಿರುವುದು ಪೂರೈಕೆಯ ವೈರ್, ಒಂದೊಂದರಲ್ಲೂ ಬೇರೆ ಬಣ್ಣವಿರುವುದು ನಿಮಗೆ ಬೇಕಾದದ್ದು. ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿದರೆ ಐಡಲ್‌ನಲ್ಲಿ ಸುಮಾರು 1ರಿಂದ 6 ತೋರಿ, ಆ್ಯಕ್ಸಿಲರೇಟರ್ ಒತ್ತಿದಂತೆ ಏರಬೇಕು. ಡೀಸೆಲ್ ಮತ್ತು ನೇರ ಇಂಜೆಕ್ಷನ್ ಎಂಜಿನ್‌ಗಳ ಇಂಜೆಕ್ಟರಿಗೆ ಕೈ ಹಾಕಬೇಡಿ, ಅಲ್ಲಿ ವೋಲ್ಟೇಜ್ ಹೆಚ್ಚು. ಅವುಗಳಲ್ಲಿ ಬೈಪಾಸ್ ಮಾಡ್ಯೂಲ್ ಕೊಡುವ ಟ್ಯಾಕ್ ಬಳಸಿ. ಡೀಸೆಲ್‌ಗೆ ಗ್ಲೋ ಪ್ಲಗ್ (ಶುರುವಿಗೆ ಮುನ್ನ ಸಿಲಿಂಡರ್ ಬಿಸಿಮಾಡುವ ಸಾಧನ) ಬಿಸಿಯಾಗುವ ಸಮಯವನ್ನೂ ಕಿಟ್‌ನ ಪ್ರೋಗ್ರಾಮಿಂಗ್‌ನಲ್ಲಿ ಹೊಂದಿಸಬೇಕು. ಟ್ಯಾಕ್ ಸಿಗ್ನಲನ್ನು ಕಿಟ್‌ಗೆ ಕಲಿಸದಿದ್ದರೆ ಎಂಜಿನ್ ಹಿಡಿದ ಮೇಲೂ ಸ್ಟಾರ್ಟರ್ ತಿರುಗುತ್ತಲೇ ಇದ್ದು ಕರ್ಕಶವಾಗಿ ಕೂಗಬಹುದು, ಅದರ ಗೇರಿನ ಹಲ್ಲು ಸವೆಯಬಹುದು.

ಅಲಾರಂ ಭಾಗ ಸುಲಭ. ಸೈರನ್ನನ್ನು ಎಕ್ಸಾಸ್ಟ್‌ನಿಂದ ದೂರ, ಬಾಯಿ ಕೆಳಮುಖವಾಗಿ, ಕೆಳಗಿನಿಂದ ಕೈ ಎಟುಕದ ಜಾಗದಲ್ಲಿ ಕೂರಿಸಿ. ಮೇಲ್ಮುಖವಾದರೆ ನೀರು ನಿಂತು ಕೆಡುತ್ತದೆ. ಶಾಕ್ ಸೆನ್ಸರ್ ಡ್ಯಾಶ್‌ಬೋರ್ಡ್ ಒಳಗೆ ಗಟ್ಟಿ ಲೋಹಕ್ಕೆ ಬಿಗಿಯಿರಲಿ, ವೈರ್ ಗೊಂಚಲಿಗೆ ನೇತುಹಾಕಿದರೆ ಏನೂ ತಿಳಿಯದು. ಸೂಕ್ಷ್ಮತೆಯನ್ನು ಕನಿಷ್ಠದಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಏರಿಸಿ. ಬಾಗಿಲ ಸ್ವಿಚ್‌ಗಳು ಬೇರೆ ಬೇರೆ ವೈರ್‌ಗಳಲ್ಲಿದ್ದರೆ ಪ್ರತಿಯೊಂದಕ್ಕೂ ಒಂದು ಡಯೋಡ್ ಹಾಕಿ ಸೇರಿಸಿ, ನೆಗೆಟಿವ್ ಟ್ರಿಗರ್ (ಬಾಗಿಲು ತೆರೆದಾಗ ವೈರ್ ಗ್ರೌಂಡ್‌ಗೆ ಕೂಡುವ ಬಗೆ) ಆದರೆ ಡಯೋಡಿನ ಮೇಲೆ ಪಟ್ಟಿ ಇರುವ ತುದಿ ಬಾಗಿಲ ಕಡೆಗೆ. ಸ್ಟಾರ್ಟರ್ ತಡೆಯುವ ರಿಲೇಯನ್ನು 30 ಮತ್ತು 87ಎ ಪಿನ್‌ಗಳ (ರಿಲೇಗೆ ಕರೆಂಟ್ ಇಲ್ಲದಾಗ ಕೂಡಿಯೇ ಇರುವವು) ಮೂಲಕ ಜೋಡಿಸಿದರೆ, ಅಲಾರಂ ಕೈಕೊಟ್ಟ ದಿನವೂ ಕೀ ಹಾಕಿ ಕಾರು ಶುರುಮಾಡಬಹುದು.

ಪರೀಕ್ಷೆ ಬಯಲಿನಲ್ಲೇ ಆಗಲಿ. ಮುಚ್ಚಿದ ಗ್ಯಾರೇಜಿನಲ್ಲಿ ಓಡುವ ಎಂಜಿನ್‌ನ ಕಾರ್ಬನ್ ಮೊನಾಕ್ಸೈಡ್ ವಾಸನೆ ಇಲ್ಲದೆ ಕೊಲ್ಲುತ್ತದೆ. ಮನೆಗೆ ಅಂಟಿದ ಗ್ಯಾರೇಜ್ ಇದ್ದವರು ರಿಮೋಟನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ರಿಮೋಟ್‌ನಿಂದ ಎಂಜಿನ್ ಶುರುಮಾಡಿ ಬ್ರೇಕ್ ಒತ್ತಿದರೆ ನಿಲ್ಲಬೇಕು. ಮತ್ತೆ ಶುರುಮಾಡಿ ಬಾನೆಟ್ ಎತ್ತಿದರೂ ನಿಲ್ಲಬೇಕು. ಆಟೋಮ್ಯಾಟಿಕ್ ಆದರೆ ಮುಂದೆ ಖಾಲಿ ಜಾಗ ನೋಡಿಕೊಂಡು, ಕೀ ಆನ್ ಮಾಡಿ ಡಿ ಸ್ಥಾನಕ್ಕೆ ಹಾಕಿ, ಪಾದವನ್ನು ಬ್ರೇಕ್ ಮೇಲೆ ಒತ್ತದೆ ಸಿದ್ಧವಾಗಿಟ್ಟು ರಿಮೋಟ್ ಒತ್ತಿ. ಸ್ಟಾರ್ಟರ್ ತಿರುಗಿದರೆ ತಕ್ಷಣ ಬ್ರೇಕ್ ಒತ್ತಿ, ಆ ದೋಷ ಸರಿಯಾಗುವವರೆಗೆ ರಿಮೋಟ್ ಸ್ಟಾರ್ಟ್ ಮುಟ್ಟಬೇಡಿ.

ಲಾಕ್ ಮಾಡಿದ ಕೂಡಲೇ ಅಲಾರಂ ಬಾಗಿಲು ತೆರೆದಿದೆಯೆಂದು ದೂರಿದರೆ, ಒಳಗಿನ ದೀಪ ನಿಧಾನವಾಗಿ ಆರುವುದೇ ಸಾಮಾನ್ಯವಾಗಿ ಕಾರಣ. ಕಿಟ್‌ನಲ್ಲಿ ಬಾಗಿಲ ವಿಳಂಬದ ಆಯ್ಕೆ ಹಾಕಿ. ರಿಮೋಟ್ ದೂರ ಎಟುಕದಿದ್ದರೆ ಆಂಟೆನಾವನ್ನು ಲೋಹದಿಂದಲೂ ಲೋಹಲೇಪದ ಗಾಜಿನ ಫಿಲ್ಮ್‌ನಿಂದಲೂ ದೂರ ಸರಿಸಿ. ಎಲ್ಲ ಮುಗಿದ ಮೇಲೆ ಕಾರು ಲಾಕ್ ಮಾಡಿ ಅರ್ಧ ಗಂಟೆಗಿಂತ ಹೆಚ್ಚು ಬಿಟ್ಟು, ಬ್ಯಾಟರಿಯ ನೆಗೆಟಿವ್ ಸಾಲಿನಲ್ಲಿ ಮೀಟರ್ ಇಟ್ಟು ಕರೆಂಟ್ ಅಳೆಯಿರಿ. ಒಟ್ಟು 50 ಮಿಲಿಆಂಪಿಯರ್ ಆಸುಪಾಸಿನಲ್ಲಿದ್ದರೆ ಸರಿ. ನೂರಾರು ತೋರಿದರೆ ಯಾವುದೋ ಮಾಡ್ಯೂಲ್ ನಿದ್ದೆ ಹೋಗುತ್ತಿಲ್ಲ. ಮೊದಲು ಬೈಪಾಸ್‌ನ ಫ್ಯೂಸ್ ತೆಗೆದು ಅಂಕಿ ಇಳಿಯುತ್ತದೆಯೇ ನೋಡಿ.