ಬೋನಸ್ ಕೊಟ್ಟರೂ ಮುಖ ಅರಳಲಿಲ್ವಾ? ಮೊದಲು ಕೂತು ಕೇಳಿ

ಟೀಮ್‌ನಲ್ಲಿ ಹುಮ್ಮಸ್ಸು ಇಳಿಯಿತು ಅಂದ ಕೂಡಲೇ ಮ್ಯಾನೇಜರ್‌ಗಳು ಕೇಕ್ ತರಿಸುತ್ತಾರೆ, ಫೋಟೊ ತೆಗೆಸುತ್ತಾರೆ, ಭಾಷಣ ಬಿಗಿಯುತ್ತಾರೆ. ಸೋಮವಾರ ಮತ್ತೆ ಅದೇ ಜೋಲು ಮುಖ. ಯಾರಿಗೆ ಏನು ಬೇಕು ಅಂತ ಕೇಳಿದವರೇ ಇಲ್ಲ.

ಮೊದಲ ಹೆಜ್ಜೆ ಸುಲಭ: ಕಣ್ಣಿಗೆ ಕಾಣುವ ಕಿರಿಕಿರಿ ತೆಗೆಯಿರಿ. ತಡವಾಗುವ ಸಂಬಳ, ಮುರಿದ ಕುರ್ಚಿ, ಹಿಂದಿನ ರಾತ್ರಿ ಬದಲಾಗುವ ಶಿಫ್ಟ್. ಇದರಿಂದ ಯಾರೂ ಕುಣಿಯುವುದಿಲ್ಲ, ಗೊಣಗಾಟ ನಿಲ್ಲುತ್ತದೆ ಅಷ್ಟೇ.

ಎರಡನೆಯದು ಒಬ್ಬೊಬ್ಬರ ಜೊತೆ ಮಾತು. ಎಲ್ಲರೂ ಎಡವುವುದು ಇಲ್ಲೇ. 'ನಿಮಗೆ ಏನು ಬೇಕು?' ಅಂತ ನೇರವಾಗಿ ಕೇಳಬೇಡಿ. 'ಏನಿಲ್ಲ ಸರ್, ಎಲ್ಲ ಚೆನ್ನಾಗಿದೆ' ಅಂತಾರೆ, ಇಲ್ಲವೇ ಸಂಬಳ ಅಂತಾರೆ. ನಾನೂ ವರ್ಷಗಟ್ಟಲೆ ಹೀಗೇ ಕೇಳಿ ಅದೇ ಉತ್ತರ ಬರೆದುಕೊಂಡಿದ್ದೇನೆ. ಅದರ ಬದಲು ಘಟನೆ ಕೇಳಿ. 'ಈಚೆಗೆ ಯಾವ ದಿನ ಖುಷಿಯಿಂದ ಮನೆಗೆ ಹೋದಿರಿ? ಯಾವ ದಿನ ಕೆಲಸವೇ ಬೇಡ ಅನಿಸಿತು?' ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಜೊತೆಗಾರರು ಸುಮಾರು 200 ಎಂಜಿನಿಯರ್, ಅಕೌಂಟೆಂಟ್‌ಗಳನ್ನು ಕೇಳಿದ್ದೂ ಹೀಗೆಯೇ. 1959ರಲ್ಲಿ ಅವರು ಪ್ರಕಟಿಸಿದ್ದು ಇದು: ಬೇಸರದ ಕಥೆಗಳಲ್ಲಿ ಕಂಪನಿಯ ನಿಯಮ, ಮೇಲಧಿಕಾರಿಯ ವರ್ತನೆ ಜಾಸ್ತಿ, ಖುಷಿಯ ಕಥೆಗಳಲ್ಲಿ ಸಾಧನೆ, ಮೆಚ್ಚುಗೆ, ಜವಾಬ್ದಾರಿ ಜಾಸ್ತಿ.

ಕೇಳಿದ ಮೇಲೆ ಸುಮ್ನೆ ಇರಿ. ಮೌನ ಕಷ್ಟ ಅಂತ ಗೊತ್ತು, ಆದರೂ ನೀವೇ ಉತ್ತರ ತುಂಬಬೇಡಿ. ದೂರು ಬಂದರೆ 'ಅದು ಹಾಗಲ್ಲ' ಅಂತ ಶುರು ಮಾಡಲೇಬೇಡಿ, ಮಾಡಿದಿರೋ ಆ ಮನುಷ್ಯ ನಿಮ್ಮ ಹತ್ತಿರ ಮತ್ತೆ ಬಾಯಿ ಬಿಡುವುದಿಲ್ಲ. ಲ್ಯಾಪ್‌ಟಾಪ್ ಮುಚ್ಚಿಡಿ. ಮುಖ್ಯವಾಗಿ, ಸಂಬಳ ಹೆಚ್ಚಳದ ಮೀಟಿಂಗ್ ಜೊತೆ ಇದನ್ನು ಸೇರಿಸಬೇಡಿ. ಅಲ್ಲಿ ಯಾರೂ ನಿಜ ಹೇಳುವುದಿಲ್ಲ, ಅಲ್ವಾ?

ಹೆಸರಿಲ್ಲದ ಸರ್ವೆ ಫಾರ್ಮ್ ಕಳಿಸಿ ಕೈ ತೊಳೆದುಕೊಳ್ಳುವುದು ನನಗೆ ಸೇರದು. ಐದೇ ಜನರ ಟೀಮ್‌ನಲ್ಲಿ ಹೆಸರಿಲ್ಲದಿದ್ದರೂ ಬರೆದವರು ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಗೋಡೆಗೆ ಮಾಸ್ಲೊ ಪಿರಮಿಡ್ (ಮನಶ್ಶಾಸ್ತ್ರಜ್ಞ ಮಾಸ್ಲೊ ಹೇಳಿದ ಮನುಷ್ಯನ ಅಗತ್ಯಗಳನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಚಿತ್ರ) ಅಂಟಿಸಿ, ಕೆಳಗಿನ ಮೆಟ್ಟಿಲು ಪೂರ್ತಿಯಾಗದೆ ಮೇಲಕ್ಕೆ ಹೋಗುವಂತಿಲ್ಲ ಅನ್ನುವವರೂ ಇದ್ದಾರೆ. ಒಂದು ಅಗತ್ಯ ನೂರಕ್ಕೆ ನೂರು ತೀರಿದ ಮೇಲೇ ಇನ್ನೊಂದು ಹುಟ್ಟುತ್ತದೆ ಅನ್ನುವುದು ತಪ್ಪು ತಿಳಿವಳಿಕೆ ಅಂತ ಮಾಸ್ಲೊ 1943ರ ತಮ್ಮ ಲೇಖನದಲ್ಲೇ ಹೇಳಿದ್ದರು. ಸಂಬಳ ಸಾಲದವರಿಗೂ ಮರ್ಯಾದೆ ಬೇಕು.

ಮೂರನೆಯದು, ಕೇಳಿದ್ದರಲ್ಲಿ ಒಂದನ್ನಾದರೂ ಎರಡು ವಾರದೊಳಗೆ ಮಾಡಿ. ಆಗದಿದ್ದರೆ ಆಗುವುದಿಲ್ಲ ಅಂತ ಹೇಳಿಬಿಡಿ. ಪ್ರತಿಯೊಂದಕ್ಕೂ ಬಹುಮಾನ ಕಟ್ಟಬೇಡಿ. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಗಟು ಬಿಡಿಸಲು ದುಡ್ಡು ಪಡೆದ ವಿದ್ಯಾರ್ಥಿಗಳು ದುಡ್ಡು ನಿಂತ ಮೇಲೆ ಬಿಡುವಿನಲ್ಲಿ ಅದನ್ನು ಮುಟ್ಟುವುದೇ ಕಡಿಮೆಯಾಯಿತು.

ಮೂರು ತಿಂಗಳು ಬಿಟ್ಟು ಮತ್ತೆ ಕೂರಿ. ಹೋದ ಸಲ ಪ್ರಮೋಷನ್ ಬೇಕು ಅಂದವರ ಮನೆಗೆ ಈಗ ಮಗು ಬಂದಿರಬಹುದು, ಅವರಿಗೆ ಬೇಕಾಗಿರುವುದು ಸಂಜೆ ಹೊತ್ತಿಗೆ ಸರಿಯಾಗಿ ಮನೆ ಸೇರುವುದು.