ಅಪಾರ್ಟ್‌ಮೆಂಟಿನ ನೀರಿಗೆ ಮೀಟರ್ ಹಾಕಿ ದರ ಕಟ್ಟಿದ ಬಗೆ

ಮಂಗಳೂರಿಗೆ ನೀರು ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟಿನದು, ಉಡುಪಿಗೆ ಬಹುಕಾಲ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನದೇ ಆಗಿತ್ತು. 2019ರ ಬೇಸಗೆಯಲ್ಲಿ ಎರಡೂ ಊರುಗಳಿಗೆ ನೀರು ಸರದಿಯ ಮೇಲೆ ಬಂತು. ಅಂಥ ದಿನಗಳಲ್ಲೂ ನೀರಿನ ಖರ್ಚನ್ನು ಮನೆಗಿಷ್ಟು ಎಂದು ಸಮನಾಗಿ ಹಂಚುವ ಕಟ್ಟಡದಲ್ಲಿ ಬಳಕೆ ಇಳಿಯುವುದಿಲ್ಲ. 40 ಮನೆಗಳಿದ್ದರೆ, ಒಬ್ಬರು 1,000 ಲೀಟರ್ ಹೆಚ್ಚು ಚೆಲ್ಲಿದಾಗ ಅವರ ತಲೆಗೆ ಬೀಳುವುದು 25 ಲೀಟರಿನ ದುಡ್ಡು ಮಾತ್ರ. ಉಳಿದ 975 ನೆರೆಮನೆಗಳ ಪಾಲು. ಈ ಲೆಕ್ಕ ಮುರಿಯದೆ ನೋಟಿಸ್ ಬೋರ್ಡಿನಲ್ಲಿ ‘ನೀರು ಉಳಿಸಿ’ ಎಂದು ಬರೆದು ಫಲವಿಲ್ಲ.

ಮೊದಲು ಪೈಪ್ ಎಣಿಸಬೇಕು. ಅಡುಗೆಮನೆ, ಎರಡು ಬಚ್ಚಲು, ಬಟ್ಟೆ ಒಗೆಯುವ ಜಾಗ ಎಂದು ಟೆರೇಸ್ ಟ್ಯಾಂಕಿನಿಂದ ಒಂದೊಂದು ಫ್ಲ್ಯಾಟಿಗೆ ಮೂರು ನಾಲ್ಕು ಕಡೆ ಪೈಪ್ ಇಳಿದಿರುತ್ತದೆ. ಒಂದನ್ನು ಬಿಟ್ಟರೂ ಬಿಲ್ಲು ಜಗಳಕ್ಕೆ ಕಾರಣ. ನಾವು ಬಳಸಿದ್ದು 15 ಮಿ.ಮೀ. ಕ್ಲಾಸ್ ಬಿ (ಅಳತೆಯ ನಿಖರತೆಯ ಒಂದು ದರ್ಜೆ) ಮಲ್ಟಿಜೆಟ್ ಮೀಟರ್, ಅಂದರೆ ನೀರಿನ ಹಲವು ಧಾರೆಗಳು ಒಳಗಿನ ಚಕ್ರವನ್ನು ತಿರುಗಿಸುವ ಬಗೆಯದು. ಅಡ್ಡ ಪೈಪಿನಲ್ಲಿ, ಡಯಲ್ ಮೇಲ್ಮುಖವಾಗಿ, ಬಾಣ ನೀರು ಹರಿಯುವ ದಿಕ್ಕಿಗೆ. ನೀರು ಮೀಟರಿಗೆ ಬರುವ ಬದಿಯಲ್ಲಿ ಬಾಲ್ ವಾಲ್ವ್ ಮತ್ತು ಕಸ ತಡೆಯುವ ಸ್ಟ್ರೈನರ್. ಕೂರಿಸುವ ಮುಂಚೆ ಪೈಪಿನಲ್ಲಿ ಐದು ನಿಮಿಷ ನೀರು ಬಿಡಿ. ಪಿವಿಸಿ ಚೂರು, ಟೆಫ್ಲಾನ್ ಟೇಪಿನ ತುಂಡು ಒಳಗೆ ಹೋದರೆ ಚಕ್ರ ನಿಂತೇ ಹೋಗುತ್ತದೆ. ಟ್ಯಾಂಕ್ ಖಾಲಿಯಾಗಿ ಮತ್ತೆ ತುಂಬಿದಾಗ ಗಾಳಿಯೂ ಮೀಟರನ್ನು ತಿರುಗಿಸುತ್ತದೆ. ಆದ್ದರಿಂದ ಟ್ಯಾಂಕ್ ಪೂರ್ತಿ ಬರಿದಾಗಲು ಬಿಡಬಾರದು. ಮೇಲಿನ ಮಹಡಿಯಲ್ಲಿ ಒತ್ತಡ ಮೊದಲೇ ಕಡಿಮೆ, ಮೀಟರ್ ಇನ್ನಷ್ಟು ತಿನ್ನುತ್ತದೆ. ಅಲ್ಲಿ 20 ಮಿ.ಮೀ. ಹಾಕುವ ಆಸೆಯಾಗುತ್ತದೆ. ಆದರೆ ದೊಡ್ಡ ಮೀಟರಿಗೆ ಸಣ್ಣ ಸೋರಿಕೆ ಕಾಣುವುದೇ ಇಲ್ಲ. ಚಿಕ್ಕ ಪ್ರೆಶರ್ ಪಂಪ್ ವಾಸಿ.

15 ಮಿ.ಮೀ. ಮೀಟರ್ ಕೂಡ ಗಂಟೆಗೆ 30 ಲೀಟರಿಗಿಂತ ಕಡಿಮೆ ಹರಿವನ್ನು ಸರಿಯಾಗಿ ಅಳೆಯುವ ಭರವಸೆಯಿಲ್ಲ. ಫ್ಲಶ್ ಟ್ಯಾಂಕ್ ಗಂಟೆಗೆ 20 ಲೀಟರ್ ಸೋರಿದರೆ ದಿನಕ್ಕೆ 480, ಅಂದರೆ ಮೂವರ ಬಳಕೆಗಿಂತ ಹೆಚ್ಚು. ಟ್ಯಾಂಕಿಗೆ ನಾಲ್ಕು ಹನಿ ತಿಂಡಿಯ ಬಣ್ಣ ಹಾಕಿ, ಫ್ಲಶ್ ಒತ್ತದೆ ಇಪ್ಪತ್ತು ನಿಮಿಷ ಬಿಟ್ಟು ನೋಡಿ. ಕಮೋಡಿನಲ್ಲಿ ಬಣ್ಣ ಇಳಿದಿದ್ದರೆ ವಾಷರ್ ಬದಲಿಸಬೇಕು.

ದರ ಕಟ್ಟುವಾಗ ಮನೆ ಲೆಕ್ಕ ಬೇಡ, ತಲೆ ಲೆಕ್ಕ ಬೇಕು. ಇಲ್ಲದಿದ್ದರೆ ಅಜ್ಜ ಅಜ್ಜಿ ಇರುವ ತುಂಬಿದ ಮನೆಗೆ ಅನ್ಯಾಯ. ತಲೆಗೆ ದಿನಕ್ಕೆ 135 ಲೀಟರ್ ನಮ್ಮ ದೇಶದ ನಗರಗಳಿಗೆ ಹಾಕಿಕೊಂಡ ಮಾನದಂಡ, ತಿಂಗಳಿಗೆ ಸುಮಾರು 4,000. ಅಲ್ಲಿಯವರೆಗೆ 1,000 ಲೀಟರಿಗೆ 15 ರೂಪಾಯಿ, ಆಮೇಲಿನದಕ್ಕೆ 40. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಎರಡನೇ ಹಂತಕ್ಕೆ ಟ್ಯಾಂಕರಿನ ದರವೇ. 6,000 ಲೀಟರಿನ ಟ್ಯಾಂಕರಿಗೆ 900 ಕೊಟ್ಟರೆ 1,000ಕ್ಕೆ 150. ನಾಲ್ವರ ಮನೆ 22,000 ಲೀಟರ್ ಬಳಸಿದರೆ ಮಳೆಗಾಲದಲ್ಲಿ 240+240=480, ಏಪ್ರಿಲಿನಲ್ಲಿ 240+900=1,140. ಟ್ಯಾಂಕರ್ ಕರೆಸುವಂತೆ ಮಾಡಿದ್ದು ಆ ಕೊನೆಯ 6,000. ಅದರ ಬೆಲೆ ಅದನ್ನು ಬಳಸಿದವರಿಗೇ ಗೊತ್ತಾಗಬೇಕು. ಪಂಪು ನೋಡಿಕೊಳ್ಳುವವರ, ವಾಚ್‌ಮನ್ನರ ಸಂಬಳಗಳನ್ನು ಮಾತ್ರ ಇದಕ್ಕೆ ಬೆರೆಸಬೇಡಿ. ನೀರು ಕಡಿಮೆಯಾದರೂ ಅವು ಕಡಿಮೆಯಾಗುವುದಿಲ್ಲ.

ಖರ್ಚು ಕಳೆದು ಉಳಿದ ಹಣವನ್ನು ತಲೆಗಿಷ್ಟು ಎಂದು ಸಮನಾಗಿ ಹಿಂದಿರುಗಿಸುವುದು ಒಳ್ಳೆಯದು. ಬಳಕೆಯ ಪ್ರಮಾಣದಲ್ಲಿ ಕೊಟ್ಟರೆ ದರ ಇಳಿಸಿದಂತೆಯೇ. ಬಾಡಿಗೆ ಮನೆಯ ಬಿಲ್ಲು ಬಾಡಿಗೆದಾರರ ಕೈಗೇ ಹೋಗಬೇಕು. ದುಬೈಯಲ್ಲಿರುವ ಮಾಲಕರು ಮೆಂಟೆನೆನ್ಸ್ ಜೊತೆ ಕಟ್ಟಿಬಿಟ್ಟರೆ ನಲ್ಲಿ ತಿರುಗಿಸುವವರಿಗೆ ಏನೂ ತಾಗುವುದಿಲ್ಲ. ಮೊದಲ ಮೂರು ತಿಂಗಳು ಹಣ ವಸೂಲಿ ಮಾಡದೆ ಬರೀ ಬಿಲ್ಲು ಕೊಡಿ, ದೊಡ್ಡ ಲೀಕುಗಳು ಆಗಲೇ ಹೊರಬೀಳುತ್ತವೆ.

ಬಾವಿ ನೀರಿಗೂ ಅದೇ ದರ ಇರಲಿ. ಪುಕ್ಕಟೆ ಎಂದು ಎಳೆದರೆ ಕಡಲ ಬದಿಯಲ್ಲಿ ಉಪ್ಪು ನುಗ್ಗುತ್ತದೆ, ಮತ್ತೆ ಸಿಹಿಯಾಗಲು ವರ್ಷಗಳು ಬೇಕಾಗಬಹುದು.

ರೀಡಿಂಗ್ ಎಲ್ಲವನ್ನೂ ತಿಂಗಳ ಒಂದೇ ದಿನ ಒಂದೇ ಹೊತ್ತಿಗೆ, ಡಯಲಿನ ಫೋಟೋ ಸಮೇತ ತೆಗೆಯಬೇಕು. ಕಪ್ಪಂಕಿ ಸಾವಿರ ಲೀಟರಿನದು, ಕೆಂಪಂಕಿ ಅದರ ಭಾಗಗಳು. ಟ್ಯಾಂಕಿನ ಹೊರದಾರಿಯ ದೊಡ್ಡ ಮೀಟರಿಗೂ ಮನೆಗಳ ಒಟ್ಟು ಮೊತ್ತಕ್ಕೂ ನೂರಕ್ಕೆ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮೊದಲು ನಿಂತುಹೋದ ಮೀಟರ್ ಯಾವುದೆಂದು ಹುಡುಕಿ, ಆಮೇಲೆ ಮೀಟರ್ ಇಲ್ಲದ ತೋಟದ ನಲ್ಲಿ.