ಎರೆಮೀನಿಗೆ ಬೀಸುಬಲೆ ಆರಿಸುವಾಗ

ನನ್ನ ಮೊದಲ ಬೀಸುಬಲೆ 8 ಅಡಿಯದು. ಬಲೆ ದೊಡ್ಡದಾದಷ್ಟೂ ಮೀನು ಜಾಸ್ತಿ ಅಂದುಕೊಂಡು ತಂದಿದ್ದೆ. ಬೀಸಿದಾಗೆಲ್ಲ ಒದ್ದೆ ಬಟ್ಟೆಯ ಮುದ್ದೆ ಎಸೆದ ಹಾಗೆ ನೀರಿಗೆ ಬೀಳುತ್ತಿತ್ತು. ಎರಡು ತಿಂಗಳು ತೋಳು ನೋಯಿಸಿಕೊಂಡು, ಕೊನೆಗೆ 5 ಅಡಿಯದಕ್ಕೆ ಇಳಿದೆ. ಆಮೇಲೆಯೇ ಬಕೆಟ್ಟಿಗೆ ಎರೆಮೀನು, ಅಂದರೆ ಗಾಳಕ್ಕೆ ಸಿಕ್ಕಿಸುವ ಸಣ್ಣ ಮೀನು, ಬೀಳತೊಡಗಿದ್ದು.

ಈ ಅಡಿ ಅನ್ನುವುದು ಬಲೆಯ ನಡುವಿನಿಂದ ಅಂಚಿನವರೆಗಿನ ಉದ್ದ. 6 ಅಡಿ ಬಲೆ ಪೂರ್ತಿ ಬಿಚ್ಚಿಕೊಂಡರೆ 12 ಅಡಿ ಅಗಲದ ವೃತ್ತ, ಅಂದರೆ ಸುಮಾರು 113 ಚದರ ಅಡಿ ನೀರು ಅದರ ಕೆಳಗೆ. 8 ಅಡಿಯದು ಚೆನ್ನಾಗಿ ಬಿಚ್ಚಿಕೊಂಡರೆ 200 ಚದರ ಅಡಿ ದಾಟುತ್ತದೆ, ನಿಜ. ಆದರೆ ನನ್ನ ಹಾಗೆ ಅರ್ಧ ಮಾತ್ರ ಬಿಚ್ಚಿದರೆ? 6 ಅಡಿಯದೇ ಮೇಲು. ಹೊಸಬರಿಗೆ 4ರಿಂದ 6 ಅಡಿ ಸಾಕು.

ಆದರೂ ಅಂಗಡಿಯಲ್ಲಿ ನಾನು ಮೊದಲು ನೋಡುವುದು ಅಡಿಯನ್ನಲ್ಲ, ಬಲೆಯ ಕಣ್ಣನ್ನು. ಗಾಳಕ್ಕೆ ಯಾವ ಮೀನು ಬೇಕು, ಅದು ಎಷ್ಟು ದಪ್ಪ ಎಂದು ಗೊತ್ತಿರಬೇಕು. ಕಣ್ಣು ದೊಡ್ಡದಾದರೆ ಮೀನು ನುಸುಳಿಹೋಗುತ್ತದೆ ಅಷ್ಟೇ ಅಲ್ವಾ ಅಂತ ಅನ್ನಿಸಬಹುದು. ಅದಕ್ಕಿಂತ ಕೆಟ್ಟದ್ದಿದೆ. ತಲೆ ತೂರಿ, ಕಿವಿರಿನ ಹತ್ತಿರ ಸಿಕ್ಕಿಕೊಳ್ಳುತ್ತದೆ. ಒಮ್ಮೆ ನನ್ನ ಬಲೆಗೆ ನೂರಾರು ಮರಿಗಳು ಹಾಗೆ ಚುಚ್ಚಿಕೊಂಡಿದ್ದವು. ಒಂದೊಂದಾಗಿ ಬಿಡಿಸುವಷ್ಟರಲ್ಲಿ ಬೆಳಗಿನ ಮೀನುಗಾರಿಕೆ ಮುಗಿದಿತ್ತು, ಮರಿಗಳೂ ಸತ್ತಿದ್ದವು. ಹಾಗಂತ ತೀರಾ ಸಣ್ಣ ಕಣ್ಣಿನದು ತಂದರೆ ನೀರನ್ನು ತಡೆದುಕೊಂಡು ನಿಧಾನಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ಚುರುಕು ಮೀನು ಪರಾರಿ.

ಬೆರಳುದ್ದದ ಮೀನಿಗೆ ನನ್ನ ಆಯ್ಕೆ ಸುಮಾರು 10 ಮಿಲಿಮೀಟರ್ ಕಣ್ಣು. ಅದಕ್ಕಿಂತ ಪುಟ್ಟ ಮರಿಗಳಿಗೆ 6, ಅಂಗೈಯುದ್ದದ ದಪ್ಪ ಮೀನಿಗೆ 12ರಿಂದ 15. ಇದು ಒಂದು ಗಂಟಿನಿಂದ ಪಕ್ಕದ ಗಂಟಿಗೆ ಅಳೆದ ಲೆಕ್ಕ. ಕೆಲವರು ಕಣ್ಣನ್ನು ಉದ್ದಕ್ಕೆ ಎಳೆದು ಅಳೆಯುತ್ತಾರೆ, ಆಗ 10ರ ಬಲೆಗೇ 20 ಎಂದು ಬರುತ್ತದೆ. ಯಾವ ಲೆಕ್ಕ ಎಂದು ಕೇಳಿ. ನಾನು ಸುಮ್ನೆ ಜೇಬಿನಲ್ಲಿ ಸ್ಕೇಲ್ ಇಟ್ಟುಕೊಂಡೇ ಹೋಗುತ್ತೇನೆ. ಕಣ್ಣಿನ ಅಳತೆಗೂ ಬಲೆಯ ಅಗಲಕ್ಕೂ ಎಷ್ಟೋ ಕಡೆ ಕಾನೂನಿನ ಮಿತಿ ಇರುತ್ತದೆ, ಅದನ್ನೂ ವಿಚಾರಿಸಿ.

ಇನ್ನು ಬಲೆ ಮುಳುಗಲೆಂದು ಅಂಚಿಗೆ ಕಟ್ಟಿರುವ ಸೀಸದ ಗುಂಡುಗಳು. ನಡುವಿನಿಂದ ಅಂಚಿನವರೆಗಿನ ಪ್ರತಿ ಅಡಿಗೆ ಸುಮಾರು 450 ಗ್ರಾಂ ಇದ್ದರೆ ಒಳ್ಳೆಯ ಬಲೆ. ಅಂದರೆ 5 ಅಡಿಯದಕ್ಕೆ ಎರಡೂಕಾಲು ಕಿಲೋ. ಮೊಣಕಾಲುದ್ದದ ನೀರಿಗೆ ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ, ಆಳಕ್ಕೂ ಸೆಳೆತಕ್ಕೂ ನಡೆಯುವುದಿಲ್ಲ. ಅಂಚನ್ನು ನೆಲದ ಮೇಲೆ ಹರಡಿ ನೋಡಿ. ಗುಂಡುಗಳ ನಡುವೆ ಅಂತರ ಜಾಸ್ತಿ ಇದ್ದರೆ ಮೀನು ಅಲ್ಲಿಂದಲೇ ತೂರಿ ಹೋಗುತ್ತದೆ.

ನೂಲಿನ ವಿಷಯಕ್ಕೆ ಬಂದರೆ, ಹೆಣೆದ ನೈಲಾನ್ ಮೃದು, ಕೈಗೆ ಹಿತ, ಆದರೆ ನೀರು ಕುಡಿದು ಭಾರವಾಗುತ್ತದೆ. ಒಂಟಿ ಎಳೆಯ ತಂಗೂಸಿ ಬಲೆ ಬೇಗ ಮುಳುಗುತ್ತದೆ, ಮೀನಿನ ಕಣ್ಣಿಗೂ ಅಷ್ಟಾಗಿ ಬೀಳುವುದಿಲ್ಲ. ನನಗೆ ಅದೇ ಇಷ್ಟ. ಹೊಸದರಲ್ಲಿ ಸೆಟೆದುಕೊಂಡಿರುತ್ತದೆ, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಹಿಗ್ಗಿಸಿ ನೇತುಹಾಕಿ. ಬಿಸಿಲಲ್ಲಿ ಮಾತ್ರ ಬಿಡಬೇಡಿ, ಎಳೆ ಪೆಡಸಾಗುತ್ತದೆ.

ಎರೆಮೀನು ಜೀವಂತ ಬೇಕಿದ್ದರೆ ಇನ್ನೊಂದು ಮಾತು. ಕೆಲವು ಬಲೆಗಳಲ್ಲಿ ಅಂಚನ್ನು ಒಳಕ್ಕೆ ಮಡಚಿ ಜೇಬಿನಂತೆ ಕಟ್ಟಿರುತ್ತಾರೆ. ಮೀನು ಆ ಮಡಿಕೆಗಳಲ್ಲಿ ಕೂಡಿಕೊಳ್ಳುತ್ತದೆ, ಸಮತಟ್ಟಾದ ಕೆಸರಿನ ತಳಕ್ಕೆ ಇದು ಚೆನ್ನ. ಆದರೆ ಮೀನು ತೆಗೆಯಲು ಪ್ರತಿ ಮಡಿಕೆಯನ್ನೂ ಕೊಡವಬೇಕು. ಇನ್ನು ಕೆಲವಕ್ಕೆ ಒಳಗಿಂದ ದಾರಗಳಿರುತ್ತವೆ. ಕೈಹಗ್ಗ ಎಳೆದರೆ ಅಂಚೆಲ್ಲ ನಡುವಿಗೆ ಬಂದು ಚೀಲವಾಗುತ್ತದೆ. ಬಲೆಯ ನೆತ್ತಿಯಲ್ಲಿ ದಾರಗಳು ಹಾದುಬರುವ ಬಳೆಯನ್ನು ಹಿಡಿದು ಎತ್ತಿದರೆ ಅಂಚು ಬಿಚ್ಚಿಕೊಂಡು, ಮೀನೆಲ್ಲ ಒಂದೇ ಸಲಕ್ಕೆ ಬಕೆಟ್ಟಿಗೆ ಬೀಳುತ್ತದೆ. ನಾನು ತರುವುದು ಇದನ್ನೇ. ಕೊಳ್ಳುವ ಮುಂಚೆ ಬಳೆ ಹಿಡಿದು ನೇತಾಡಿಸಿ, ಕೈಹಗ್ಗ ಎಳೆದು ನೋಡಿ. ದಾರಗಳು ಒಂದಕ್ಕೊಂದು ಸುತ್ತಿಕೊಂಡರೆ, ಅಥವಾ ಬಲೆ ಒಂದು ಕಡೆ ಜೋತುಬಿದ್ದರೆ, ಬೇರೆಯದನ್ನು ತೆಗೆಸಿ.